ಹುಳುಮನೆಯ ಗೋಡೆಗೆ ನೆರಳಿನ ಬಟ್ಟೆ

ಮಾಗಡಿಯಿಂದ ಕುದೂರು, ತಿಪ್ಪಸಂದ್ರಗಳ ಕಡೆಗೆ ಹೊರಟವರಿಗೆ ಹಿಪ್ಪುನೇರಳೆ ತೋಟಗಳ ನಡುವೆ ಹಸಿರು ಬಟ್ಟೆ ಹೊದ್ದು ನಿಂತ ಉದ್ದನೆಯ ಕಟ್ಟಡಗಳು ಅಲ್ಲಲ್ಲಿ ಕಾಣಸಿಗುತ್ತವೆ. ಹೊಸಬರು ಅವನ್ನು ಸಸಿ ಬೆಳೆಸುವ ನರ್ಸರಿ ಎಂದು ತಿಳಿಯುವುದುಂಟು. ಒಳಗಿರುವುದು ಸಸಿಯಲ್ಲ, ರೇಷ್ಮೆ ಹುಳು. ಈ ಸೀಮೆಯ ಜನರ ಬಾಯಲ್ಲಿ ಅದು ಹುಳುಮನೆ. ಮನುಷ್ಯರು ವಾಸಿಸುವ ಪಕ್ಕದ ಮನೆಯ ಗೋಡೆ ಬಿಸಿಲಿಗೆ ಬೇಯುತ್ತಿದ್ದರೂ ಹುಳುಮನೆಯ ಗೋಡೆಗೆ ಮಾತ್ರ ನೆರಳು ಕಟ್ಟಿರುತ್ತಾರೆ. ಇದು ವಿಚಿತ್ರವೆನಿಸಿದರೂ ಇದರ ಹಿಂದೆ ಇನ್ನೂರು ವರ್ಷಕ್ಕೂ ಮೀರಿದ ಅನುಭವವಿದೆ. ಹಳೆಯ ಮೈಸೂರು ಸೀಮೆಯ ರೇಷ್ಮೆಯ ಚರಿತ್ರೆಯನ್ನು ಸಾಮಾನ್ಯವಾಗಿ ಹುಳುವಿನ, ನೂಲಿನ, ಸೀರೆಯ ಚರಿತ್ರೆಯಾಗಿ ಹೇಳುವುದು ವಾಡಿಕೆ. ಅದು ಅಷ್ಟೇ ಮಟ್ಟಿಗೆ ಗೋಡೆ, ಸೂರು, ಕಿಟಕಿಗಳ ಚರಿತ್ರೆಯೂ ಹೌದು.

ಹುಳುವಿಗೆ ಮನೆಯ ಚಿಂತೆ ಇಷ್ಟೊಂದು ಏಕೆ? ರೇಷ್ಮೆ ಹುಳು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದ ಜೀವಿ. ಕೋಣೆ ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಸಾವಿರಾರು ವರ್ಷ ಮನುಷ್ಯನ ಆಸರೆಯಲ್ಲೇ ಬೆಳೆದು ಬಂದ ಈ ಹುಳು ನೆರಳನ್ನು ಹುಡುಕಿಕೊಂಡು ಹೋಗುವ ಶಕ್ತಿಯನ್ನೂ ಕಳೆದುಕೊಂಡಿದೆ. ಇಟ್ಟಲ್ಲಿ ಇದ್ದು, ಹಾಕಿದ ಸೊಪ್ಪು ತಿನ್ನುತ್ತದೆ. ಮೊಟ್ಟೆಯೊಡೆದ ಮರಿ ಹುಳುಗಳಿಗೆ, ಅಂದರೆ ಚಾಕಿ ಹುಳುಗಳಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಶೇಕಡ 80ಕ್ಕೆ ಮೇಲ್ಪಟ್ಟ ತೇವವೂ ಹಿತ. ನಾಲ್ಕು ಜ್ವರ ದಾಟಿ ಐದನೆಯ ಹಂತಕ್ಕೆ ಬಂದ ಹುಳುವಿಗೆ 24 ಡಿಗ್ರಿಯ ಆಸುಪಾಸು ಸಾಕು, ತೇವವೂ ಶೇಕಡ 70ರಷ್ಟಕ್ಕೆ ಇಳಿಯಬೇಕು. ಬಿಸಿ ಏರಿದರೆ ಹುಳು ಸೊರಗುತ್ತದೆ, ಸಪ್ಪೆ ರೋಗ, ಹಾಲು ರೋಗಗಳು ಹಬ್ಬುತ್ತವೆ, ಗೂಡು ಕಟ್ಟಿದರೂ ತೆಳುವಾಗುತ್ತದೆ. ಚಳಿ ಹೆಚ್ಚಿದರೆ ಮೇವು ಬಿಡುತ್ತದೆ, ಜ್ವರದಿಂದ ಏಳುವುದು ತಡವಾಗುತ್ತದೆ, ತೇವ ಸೇರಿಕೊಂಡರೆ ಸುಣ್ಣಕಟ್ಟು ರೋಗ ಕಾದಿರುತ್ತದೆ. ರೈತರ ಲೆಕ್ಕದಲ್ಲಿ ‘ನೂರು ಮೊಟ್ಟೆ’ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ಅದರಿಂದ ನಲವತ್ತು ಸಾವಿರದಷ್ಟು ಹುಳು ಹೊರಬರುತ್ತದೆ. ತಿಂಗಳೊಪ್ಪತ್ತು ಹಗಲಿರುಳೂ ಸೊಪ್ಪು ಕೊಯ್ದು ಹಾಕಿದ ದುಡಿಮೆ ಕೊನೆಯ ವಾರದ ನಾಲ್ಕು ಬಿಸಿಲ ಮಧ್ಯಾಹ್ನಗಳಲ್ಲಿ ಕೈಬಿಡಬಹುದು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಖರ್ಚಾಗುವುದು ಆ ಕೊನೆಯ ವಾರದಲ್ಲೇ ಎಂಬುದನ್ನು ನೆನೆದರೆ ನಷ್ಟದ ತೂಕ ಅರ್ಥವಾದೀತು.

ಮೈಸೂರು ಸೀಮೆಗೆ ಹುಳು ತರಿಸಿದ ಟಿಪ್ಪು ಸುಲ್ತಾನನಿಗೆ ಈ ಮಾತು ಮೊದಲೇ ಹೊಳೆದಿತ್ತು. ಬಂಗಾಳಕ್ಕೆ ಹೋಗಿದ್ದ ಅವನ ಜನ ಹುಳುವಿನೊಡನೆ ಹಿಂದಿರುಗುತ್ತಿದ್ದಾಗ, 1786ರಲ್ಲಿ, ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಅವನು ಬರೆಸಿದ ಕಾಗದವೊಂದು ಉಳಿದುಬಂದಿದೆ. ಅವನ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಅಚ್ಚು ಹಾಕಿಸಿದ. ಆ ಕಾಗದದಲ್ಲಿ ಹುಳು ಎಷ್ಟು ಬಂದಿವೆ ಎಂಬ ಲೆಕ್ಕದ ಜೊತೆಗೆ, ಅವನ್ನು ಎಂಥ ಜಾಗದಲ್ಲಿ ಇಡಬೇಕೆಂದು ತಂದವರನ್ನೇ ಕೇಳಿ ತಿಳಿದುಕೊಳ್ಳಬೇಕೆಂಬ ಅಪ್ಪಣೆಯಿದೆ. ಹಳೆಯ ಅರಮನೆಯ ಹಿಂದೆ ಖಾಲಿ ಬಿದ್ದಿದ್ದ ಜಾಗದ ಹತ್ತಿರ ಸದ್ಯಕ್ಕೊಂದು ನೆಲೆ ಸಿದ್ಧಪಡಿಸುವಂತೆಯೂ ಹೇಳಿದೆ. ಬರಲಿರುವ ಅತಿಥಿಗೆ ಕೋಣೆ ಅಣಿಮಾಡಿಸುವ ಯಜಮಾನನ ಧಾಟಿ ಅದು. ಯುದ್ಧದ ನಡುವೆ ಬದುಕಿದ ದೊರೆ ಹುಳುವಿನ ವಸತಿಯ ಬಗ್ಗೆ ತಲೆ ಕೆಡಿಸಿಕೊಂಡದ್ದು ವ್ಯರ್ಥವಾಗಲಿಲ್ಲ. 1799ರಲ್ಲಿ ಅವನು ಮಡಿದ ಮೇಲೂ ಹುಳು ಉಳಿಯಿತು. ಅರಮನೆಯ ಹಿತ್ತಲಿಂದ ರೈತರ ಮನೆಗೆ ಬಂತು. ಚನ್ನಪಟ್ಟಣ, ಕನಕಪುರ, ಮಾಗಡಿ, ಕುಣಿಗಲ್ ಕಡೆಗಳಲ್ಲಿ ಬೇರೂರಿತು.

ರೈತನ ಮನೆಯೇ ಹುಳುವಿನ ಮನೆಯೂ ಆದದ್ದು ಹೀಗೆ. ಆ ಮನೆಗಳನ್ನು ಹುಳುವಿಗೆಂದು ಕಟ್ಟಿದ್ದಲ್ಲ. ಆದರೂ ಅವು ಹುಳುವಿಗೆ ಒಗ್ಗಿದವು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಹುಲ್ಲಿನ ಅಥವಾ ಹೆಂಚಿನ ಸೂರು, ಮುಂದಕ್ಕೆ ಚಾಚಿದ ಜಗಲಿ, ಸಣ್ಣ ಕಿಟಕಿ. ದಪ್ಪ ಮಣ್ಣಿನ ಗೋಡೆ ಬಿಸಿಲನ್ನು ಒಡನೆಯೇ ಒಳಕ್ಕೆ ಬಿಡುವುದಿಲ್ಲ. ನಡುಹಗಲ ಕಾವು ಒಳಮೈಗೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಹೊರಗೆ ತಂಪು, ಕಿಟಕಿ ತೆರೆದರೆ ಸಾಕು. ಜಗಲಿಯ ಸೂರಿನಿಂದಾಗಿ ಗೋಡೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಹುಳು ದೊಡ್ಡದಾಗಿ ತಟ್ಟೆಗಳ ಸಂಖ್ಯೆ ಏರಿದಂತೆಲ್ಲ ನಡುಮನೆಯನ್ನು ಹುಳುವಿಗೆ ಬಿಟ್ಟುಕೊಟ್ಟು ಮನೆಯವರು ಜಗಲಿಗೆ ಬಂದು ಮಲಗುತ್ತಿದ್ದರು. ಮನೆಯೊಳಗೆ ಎಲ್ಲಕ್ಕಿಂತ ತಂಪಾದ ಜಾಗ ಯಾವುದೆಂದು ಆ ಹೆಂಗಸರಿಗೆ ಉಷ್ಣಮಾಪಕವಿಲ್ಲದೆಯೇ ಗೊತ್ತಿತ್ತು. ಬಿಸಿಲು ಹೊಡೆಯುವ ಕಡೆಗೆ ತೆಂಗಿನ ಗರಿ ಹೆಣೆದ ತಡಿಕೆ, ಕಿಟಕಿಗೆ ನೀರು ಚಿಮುಕಿಸಿದ ಗೋಣಿತಾಟು, ಹಣ್ಣಾದ ಹುಳು ಬಿಟ್ಟ ಚಂದ್ರಿಕೆಗಳಿಗೆ ಹೊರಗೆ ಚಪ್ಪರದ ನೆರಳು. ಗೋಡೆಗೆ ಬಟ್ಟೆ ಕಟ್ಟುವ ಉಪಾಯದ ಬೇರು ಇಲ್ಲೇ ಇದೆ. ನೈಲಾನು, ಪ್ಲಾಸ್ಟಿಕ್ಕು ಬಂದದ್ದು ಬಹಳ ತಡವಾಗಿ.

ಹುಳುವಿಗಾಗಿ ಮನೆಯನ್ನೇ ಬದಲಿಸಿದ ಕಥೆ ಬೇರೆ ದೇಶಗಳಲ್ಲೂ ಉಂಟು. ಚಳಿಯ ದೇಶವಾದ ಉತ್ತರ ಇಟಲಿಯಲ್ಲಿ ವಿಂಚೆನ್ಜೊ ದಂದೊಲೊ ಎಂಬ ರಸಾಯನಶಾಸ್ತ್ರಜ್ಞ ಹುಳುಮನೆಯೊಳಗೆ ಒಲೆಗಳನ್ನೂ ಉಷ್ಣಮಾಪಕಗಳನ್ನೂ ಇಟ್ಟು, ಗಾಳಿಗಂಡಿಗಳನ್ನು ತೆರೆದು ಮುಚ್ಚುವ ಕ್ರಮವನ್ನು 1815ರ ತನ್ನ ಪುಸ್ತಕದಲ್ಲಿ ವಿವರಿಸಿದ. ಜಪಾನಿನ ಗುನ್ಮಾ ಪ್ರಾಂತದಲ್ಲಿ ತಜಿಮಾ ಯಾಹೇ ಎಂಬ ರೈತ 1863ರಲ್ಲಿ ಕಟ್ಟಿದ ಮನೆಯ ಮಾಡಿನ ಮೇಲೆ, ಬಿಸಿ ಗಾಳಿ ಹೊರಹೋಗಲೆಂದೇ, ಇನ್ನೊಂದು ಪುಟ್ಟ ಮಾಡು ಎತ್ತರಿಸಿದೆ. ಆ ಮನೆ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಮ್ಮ ಮಣ್ಣಿನ ಮನೆಗಳಿಗೆ ಅಂಥ ಭಾಗ್ಯ ಬರಲಿಲ್ಲ. ಅವು ಒಂದೊಂದಾಗಿ ಕುಸಿದವು, ಇಲ್ಲವೇ ಕೆಡವಲ್ಪಟ್ಟವು.

ಮೈಸೂರಿಗೆ ಈ ಹೊರಗಿನ ತಿಳಿವಳಿಕೆ ಬಂದದ್ದು ಎರಡು ದಾರಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜೆ.ಎನ್. ತಾತಾ ಜಪಾನಿನಿಂದ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆಯ ಹೆಸರಾಗಿ ಅದರ ನೆನಪು ಉಳಿದಿದೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ನೇಮಿಸಿಕೊಂಡಿತು. ರೇಷ್ಮೆಗೆ ಪ್ರತ್ಯೇಕ ಇಲಾಖೆ ಹುಟ್ಟಿತು, ಚನ್ನಪಟ್ಟಣದಲ್ಲಿ ಸರ್ಕಾರಿ ಫಾರಂ ಬಂತು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರು ಈ ಇಲಾಖೆಯನ್ನು ನಡೆಸಿದವರು ಎಂಬುದು ಸಾಹಿತ್ಯದ ಓದುಗರಿಗೆ ತಿಳಿದ ವಿಷಯ. ರೋಗವಿಲ್ಲದ ಮೊಟ್ಟೆ, ಪರಿಷ್ಕೃತ ತಳಿ ಇವೆಲ್ಲ ಆಗಿನಿಂದ ಹಳ್ಳಿಗೆ ಬಂದವು. ಮುಂದೆ 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯೂ, 1980ರಲ್ಲಿ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ಸಂಸ್ಥೆಯೂ ಆರಂಭವಾದವು. ಇಷ್ಟಾದರೂ ಹಳ್ಳಿಯ ಹುಳು ಮಾತ್ರ ಬಹುಕಾಲ ನಡುಮನೆಯಲ್ಲೇ ಇತ್ತು.

ಮೊದಲ ಪೆಟ್ಟು ಬಿದ್ದದ್ದು ಒಂದು ನೊಣದಿಂದ. ಬಂಗಾಳದ ರೇಷ್ಮೆಗೆ ಹಳೆಯ ಶತ್ರುವಾದ ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ನುಗ್ಗಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವಿನೊಳಗೆ ಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. ಟಿಪ್ಪುವಿನ ಹುಳು ಬಂದ ದಿಕ್ಕಿನಿಂದಲೇ ಇನ್ನೂರು ವರ್ಷಗಳ ನಂತರ ಅದರ ಶತ್ರುವೂ ಬಂದಂತಾಯಿತು. ಇದಕ್ಕೆ ತಕ್ಷಣ ದೊರೆತ ಪರಿಹಾರ ನೈಲಾನ್ ಪರದೆ. ಕಿಟಕಿ ಬಾಗಿಲುಗಳಿಗೆಲ್ಲ ಬಲೆ ಬಂತು. ನೊಣವೇನೋ ಹೊರಗುಳಿಯಿತು, ಜೊತೆಗೆ ಗಾಳಿಯ ಓಡಾಟವೂ ಕುಗ್ಗಿತು. ಸಣ್ಣ ಕಣ್ಣಿನ ಬಲೆ, ಅದರ ಮೇಲೆ ಕೂತ ದೂಳು, ಒಳಗೆ ಸಾವಿರಾರು ಹುಳುಗಳ ಉಸಿರಿನ ತೇವ. ಮೊದಲು ಗಾಳಿಯೊಡನೆ ಹೊರಹೋಗುತ್ತಿದ್ದ ಕಾವು ಈಗ ಒಳಗೇ ನಿಂತಿತು. ಕಿಟಕಿಯಿಂದ ಬಿಸಿಯನ್ನು ಹೊರಹಾಕುವುದು ಕಷ್ಟವಾದಾಗ ಅದು ಗೋಡೆಯಿಂದ ಒಳಬರುವುದನ್ನೇ ತಡೆಯಬೇಕಾಯಿತು.

ಎರಡನೆಯ ಪೆಟ್ಟು ಅಭಿವೃದ್ಧಿಯ ರೂಪದಲ್ಲಿ ಬಂತು. ಜಪಾನಿನ ನೆರವಿನಿಂದ 1990ರ ದಶಕದಲ್ಲಿ ಮೈಸೂರಿನ ಸಂಸ್ಥೆ ಬೆಳೆಸಿದ ದ್ವಿತಳಿ ಹುಳುಗಳು ಒಂದು ಗೂಡಿಗೆ ಸಾವಿರ ಮೀಟರಿನಷ್ಟು ಎಳೆ ಕೊಡುತ್ತವೆ. ಆದರೆ ಬಿಸಿಗೆ ಬಹಳ ನಾಜೂಕು. ಅವುಗಳಿಗೆಂದು ವಾಸದ ಮನೆಯಿಂದ ದೂರ, ತೋಟದ ಬದಿಯಲ್ಲಿ, ಪ್ರತ್ಯೇಕ ಹುಳುಮನೆ ಕಟ್ಟಿಸುವ ಪದ್ಧತಿ ಹಬ್ಬಿತು. ತಟ್ಟೆ ಹೋಗಿ ರೆಂಬೆ ಸಮೇತ ಸೊಪ್ಪು ಹಾಕುವ ಅಟ್ಟಣೆ ಬಂತು. ಸರ್ಕಾರದ ಸಹಾಯಧನವೂ ಸಿಕ್ಕಿತು. ರೋಗ ತಡೆಯಲು, ಕೈಯಾಳು ಉಳಿಸಲು ಇದು ಸರಿಯಾದ ಹೆಜ್ಜೆಯೇ. ಆದರೆ ಖರ್ಚು ಉಳಿಸುವ ಭರದಲ್ಲಿ ಕಟ್ಟಿದವರು ಬಿಟ್ಟದ್ದು ಜಗಲಿಯನ್ನು. ಆರು ಅಂಗುಲದ ಸಿಮೆಂಟ್ ಇಟ್ಟಿಗೆಯ ಗೋಡೆ, ಇಲ್ಲವೇ ಈ ಸೀಮೆಯಲ್ಲಿ ಹೇರಳವಾಗಿ ಸಿಗುವ ಕಲ್ಲು ಚಪ್ಪಡಿ ನಿಲ್ಲಿಸಿದ ಗೋಡೆ. ಮೇಲೆ ಸಿಮೆಂಟ್ ಶೀಟು ಅಥವಾ ತಾರಸಿ. ಸಾವನದುರ್ಗದ ಬುಡದಲ್ಲಿ ಬೇಸಗೆಯ ಸಂಜೆ ನಿಂತವರಿಗೆ ಬಂಡೆ ಹೇಗೆ ಕಾವು ಕಾರುತ್ತದೆಂಬುದು ಗೊತ್ತು. ಹೊಸ ಹುಳುಮನೆಯ ಗೋಡೆ ಅದನ್ನೇ ಮಾಡಿತು. ಗೋಡೆಯ ಪಕ್ಕದ ಸಾಲಿನ ಹುಳು ಮೊದಲು ಸೊರಗತೊಡಗಿತು. ಹಸಿರು ಬಟ್ಟೆ ಬಂದದ್ದು ಈ ಕಳೆದುಹೋದ ಜಗಲಿಯ ಜಾಗಕ್ಕೆ.

ತೋಟಗಾರಿಕೆಯವರು ಬಳಸುವ ‘ಶೇಡ್ ನೆಟ್’ ಪ್ಲಾಸ್ಟಿಕ್ ದಾರದಿಂದ ಹೆಣೆದದ್ದು. 50, 75, 90 ಎಂಬ ಅಂಕಿಗಳು ಅದು ನೂರಕ್ಕೆ ಎಷ್ಟು ಪಾಲು ಬೆಳಕನ್ನು ತಡೆಯುತ್ತದೆಂದು ಹೇಳುತ್ತವೆ. ಅದನ್ನು ಎಲ್ಲಿ ಕಟ್ಟಬೇಕು? ಸುತ್ತಲೂ ಒಂದೇ ಸಮನೆ ಸುತ್ತಿಬಿಡುವುದು ಸುಲಭ, ಆದರೆ ಸೂರ್ಯ ನಾಲ್ಕೂ ಗೋಡೆಗಳನ್ನು ಒಂದೇ ರೀತಿ ಕಾಣುವುದಿಲ್ಲ. ಮಾಗಡಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ವಾಲಿರುವುದರಿಂದ ದಕ್ಷಿಣದ ಗೋಡೆಗೆ ಬಿಸಿಲಿನ ಕಾಟವೇ ಇಲ್ಲವೆನ್ನಬಹುದು. ಬೇಸಗೆಯಲ್ಲಿ ಹುಳುವನ್ನು ಕಾಡುವುದು ಸೂರು ಮತ್ತು ಪಶ್ಚಿಮದ ಗೋಡೆ. ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆಗೆ ಇಳಿಬಿಸಿಲು ಎಷ್ಟು ಓರೆಯಾಗಿ ಬರುತ್ತದೆಂದರೆ, ಮೂರು ಅಡಿ ಚಾಚಿದ ಸೂರಿನ ನೆರಳು ಗೋಡೆಯ ಮೇಲೆ ಎರಡು ಅಡಿಯೂ ಇಳಿಯುವುದಿಲ್ಲ. ಹತ್ತು ಅಡಿಯ ಗೋಡೆಯಲ್ಲಿ ಎಂಟು ಅಡಿಗೂ ಹೆಚ್ಚು ಭಾಗ ಕಾಯುತ್ತದೆ. ಸೂರು ಇಲ್ಲಿ ಸೋಲುತ್ತದೆ, ಇಳಿಬಿಟ್ಟ ಬಟ್ಟೆ ಗೆಲ್ಲುತ್ತದೆ. ಹುಳುಮನೆಯ ಉದ್ದ ಪೂರ್ವ ಪಶ್ಚಿಮಕ್ಕಿರಲಿ ಎಂದು ತಜ್ಞರು ಹೇಳುವುದೂ ಇದಕ್ಕೇ. ಹಾಗೆ ಕಟ್ಟಿದರೆ ಇಳಿಬಿಸಿಲಿಗೆ ಎದುರಾಗುವುದು ಚಿಕ್ಕ ಗೋಡೆ ಮಾತ್ರ.

ಬಟ್ಟೆ ಕಟ್ಟುವುದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಅದನ್ನು ಗೋಡೆಗೆ ಅಂಟಿದಂತೆ ಬಿಗಿಯುವುದು. ಬಟ್ಟೆ ಬಿಸಿಲನ್ನು ತಡೆಯುವಾಗ ತಾನೇ ಕಾಯುತ್ತದೆ. ಗೋಡೆಗೆ ತಾಗಿದ್ದರೆ ಆ ಕಾವು ನೇರ ಗೋಡೆಗೆ ಇಳಿಯುತ್ತದೆ. ಗೋಡೆಗೂ ಬಟ್ಟೆಗೂ ನಡುವೆ ಒಂದು ಗೇಣೋ ಎರಡು ಗೇಣೋ ತೆರಪಿದ್ದು, ಮೇಲೆ ಕೆಳಗೆ ಎರಡೂ ತುದಿ ತೆರೆದಿದ್ದರೆ, ನಡುವಿನ ಗಾಳಿ ಬಿಸಿಯಾಗಿ ಹಗುರಗೊಂಡು ಮೇಲಕ್ಕೆ ಹೊರಟುಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವ ಬಗೆಯೇ ಇದು. ಜಗಲಿಯ ಕಂಬಗಳ ನಡುವೆ ಗಾಳಿ ಸುಳಿದಾಡುತ್ತಿದ್ದುದರ ಗುಟ್ಟೂ ಇದೇ. ಬಿಸಿಲನ್ನು ಒಳಗೆ ಬಿಟ್ಟುಕೊಂಡ ಮೇಲೆ ಕಿಟಕಿಯ ಒಳಬದಿಗೆ ಪರದೆ ಎಳೆಯುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಕಾವು ಆಗಲೇ ಮನೆಯ ಒಳಗಾಗಿರುತ್ತದೆ. ನೆರಳು ಗೋಡೆಯ ಹೊರಗೇ ಇರಬೇಕು.

ಒದ್ದೆ ಗೋಣಿಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಲಾವಂಚದ ತಟ್ಟಿಗೆ ನೀರು ಹನಿಸಿ ಕೋಣೆ ತಂಪು ಮಾಡುವುದು ಮೊಗಲರ ಕಾಲದಿಂದ ಬಂದ ಸುಖ. ಅಕ್ಬರನ ಆಸ್ಥಾನದ ವರ್ಣನೆಯಲ್ಲೂ ಅದರ ಮಾತು ಬರುತ್ತದೆ. ಚಾಕಿ ಹುಳುವಿಗೆ ಅದು ಸರಿ, ಏಕೆಂದರೆ ಅದಕ್ಕೆ ತೇವವೂ ಬೇಕು. ಐದನೆಯ ಹಂತದ ಹುಳುವಿಗೆ ಹಾಗಲ್ಲ. ತಂಪಿನ ಜೊತೆಗೆ ಬರುವ ತೇವ ರೋಗವನ್ನೂ ಕರೆತರುತ್ತದೆ. ಗೂಡು ಕಟ್ಟುವ ಹುಳುವಂತೂ ಹಣ್ಣಾದಾಗ ತಾನೇ ಬಹಳಷ್ಟು ನೀರು ಬಿಡುವುದರಿಂದ ಚಂದ್ರಿಕೆಗೆ ಒಣ ಗಾಳಿ ಬೇಕೇ ಬೇಕು. ಗೋಡೆಯ ಹೊರಗಿನ ಒಣ ನೆರಳಿನ ಬೆಲೆ ತಿಳಿಯುವುದು ಈ ಹೊತ್ತಿನಲ್ಲಿ.

ಚಳಿಗಾಲದಲ್ಲಿ ಇದೇ ಬಟ್ಟೆ ಶತ್ರುವಾಗಬಲ್ಲದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾಗಡಿಯ ಬಯಲಿನ ಚಳಿ ಹದಿನೈದು ಡಿಗ್ರಿಗೂ ಕೆಳಗಿಳಿಯುವುದುಂಟು. ಹುಳುವಿಗೆ ಬೇಕಾದದ್ದಕ್ಕಿಂತ ಅದು ಹತ್ತು ಡಿಗ್ರಿಯಷ್ಟು ಕಡಿಮೆ. ಹಳೆಯ ಉಪಾಯ ಇದ್ದಿಲ ಒಲೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಹುಟ್ಟುವ ವಿಷಾನಿಲ ಹುಳುವಿಗೂ ಕೆಟ್ಟದ್ದು, ಅದನ್ನು ನೋಡಿಕೊಳ್ಳಲು ಒಳಗೇ ಮಲಗುವವರಿಗೆ ಜೀವಕ್ಕೇ ಅಪಾಯ. ವಿದ್ಯುತ್ ಹೀಟರು ಲೇಸು, ವಿದ್ಯುತ್ತು ಇದ್ದರೆ. ಖರ್ಚಿಲ್ಲದೆ ಸಿಗುವುದು ಬಿಸಿಲು. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಮೂರಡಿ ಸೂರಿದ್ದರೂ ನೆರಳು ನಾಲ್ಕಡಿಯಷ್ಟೇ ಇಳಿದು, ದಕ್ಷಿಣ ಗೋಡೆಯ ಕೆಳಗಿನ ಆರಡಿ ಹಗಲೆಲ್ಲ ಕಾಯುತ್ತದೆ. ದಪ್ಪ ಗೋಡೆಯಾದರೆ ಆ ಕಾವು ರಾತ್ರಿಯ ಹೊತ್ತಿಗೆ ಒಳಗೆ ಇಳಿಯುತ್ತದೆ, ಬೇಸಗೆಯಲ್ಲಿ ಬೇಡವಾಗಿದ್ದದ್ದು ಆಗ ವರವಾಗುತ್ತದೆ. ವರ್ಷವಿಡೀ ನಾಲ್ಕೂ ಕಡೆ ಬಟ್ಟೆ ಸುತ್ತಿಟ್ಟವರು ಈ ಬಿಸಿಲನ್ನು ಕೈಯಾರೆ ದೂರ ಮಾಡಿ, ಅದೇ ಕಾವಿಗಾಗಿ ರಾತ್ರಿ ಹೀಟರಿಗೆ ದುಡ್ಡು ತೆರುತ್ತಾರೆ. ದಕ್ಷಿಣದ ಬಟ್ಟೆ ಸುತ್ತಿ ಮೇಲಕ್ಕೆ ಕಟ್ಟುವಂತಿದ್ದರೆ ಈ ತಾಪತ್ರಯವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಗೋಡೆಯ ಮುಂದಿನ ಕಪ್ಪು ಬಟ್ಟೆಯ ಹಿಂದೆ ಏರುವ ಬಿಸಿ ಗಾಳಿಯನ್ನು ಬೇಸಗೆಯಲ್ಲಿ ಮೇಲಿನಿಂದ ಹೊರಬಿಟ್ಟರೆ ಗೋಡೆಗೆ ತಂಪು. ಚಳಿಗಾಲದಲ್ಲಿ ಮೇಲಿನ ತುದಿ ಮುಚ್ಚಿ ಗೋಡೆಯ ಮೇಲ್ಗಂಡಿಯಿಂದ ಒಳಗೆ ಬಿಟ್ಟರೆ ಕೋಣೆಗೆ ಬಿಸಿ. ಕೆನಡಾದಂಥ ಚಳಿ ದೇಶಗಳಲ್ಲಿ ದೊಡ್ಡ ಕಟ್ಟಡಗಳ ಗೋಡೆಗೆ ಸಣ್ಣ ರಂಧ್ರಗಳ ಕಪ್ಪು ತಗಡು ಹೊದಿಸಿ ಒಳಗಿನ ಗಾಳಿ ಬೆಚ್ಚಗೆ ಮಾಡುತ್ತಿರುವುದು ಈ ತತ್ವದ ಮೇಲೆಯೇ. ಹುಳುಮನೆಗೆ ಅದರಿಂದ ದಕ್ಕುವುದು ಹಗಲಿನ ಬಿಸಿ ಮಾತ್ರ. ರಾತ್ರಿಗೆ ಗೋಡೆಯೇ ಗತಿ. ಮೇಲ್ಗಂಡಿಗೆ ಊಜಿ ನೊಣದ ಬಲೆಯನ್ನು ಮರೆಯುವಂತೆಯೂ ಇಲ್ಲ.

ಪ್ಲಾಸ್ಟಿಕ್ ಬಟ್ಟೆಯೇ ಆಗಬೇಕೆಂಬ ಕಟ್ಟಳೆಯೇನೂ ಇಲ್ಲವೆಂಬುದನ್ನು ಹೇಳಲೇಬೇಕು. ಕೆಲವು ಬೇಸಗೆ ಕಳೆಯುವಷ್ಟರಲ್ಲಿ ಅದು ಬಿಸಿಲಿಗೆ ಪುಡಿಪುಡಿಯಾಗಿ ಹಿಪ್ಪುನೇರಳೆ ಸಾಲುಗಳಲ್ಲಿ ಚದುರುತ್ತದೆ. ಬೆಂಕಿಗೂ ಬೇಗ ತುತ್ತಾಗುತ್ತದೆ. ಪಶ್ಚಿಮಕ್ಕೆ ನಾಲ್ಕು ಹೊಂಗೆ ಮರಗಳಿದ್ದರೆ ಅವು ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಮತ್ತೆ ಚಿಗುರಿ ದಟ್ಟ ನೆರಳು ಕೊಡುತ್ತವೆ. ಬಟ್ಟೆಯನ್ನು ಸುತ್ತುವ ಬಿಚ್ಚುವ ಕೆಲಸವನ್ನು ಮರ ತಾನೇ ಮಾಡಿಕೊಳ್ಳುತ್ತದೆ. ಆದರೆ ಮರ ಬೆಳೆಯಲು ವರ್ಷಗಳು ಬೇಕು. ಸಾಲ ತೆಗೆದು ಹುಳು ಇಟ್ಟವರಿಗೆ ಬೇಕಾದದ್ದು ಈ ಬೇಸಗೆಯ ನೆರಳು.

ಮಾಗಡಿಯ ಮಟ್ಟಿಗೆ ಈ ನೆರಳಿನ ಮಹತ್ವ ಒಬ್ಬ ರೈತನ ಲಾಭ ನಷ್ಟಕ್ಕೆ ಮುಗಿಯುವುದಿಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿ ದೊಡ್ಡ ಪಾಲು ಮಿಶ್ರ ತಳಿಯದು. ಅದರ ತಾಯಿ ಹುಳು ಹಸಿರು ಹಳದಿ ಬಣ್ಣದ ಗೂಡು ಕಟ್ಟುವ ಮೈಸೂರು ತಳಿ, ತಂದೆ ದ್ವಿತಳಿ. ಆ ತಾಯಿ ತಳಿಯನ್ನು ಬೆರಕೆಯಾಗದಂತೆ ಬೆಳೆಸಿಕೊಡುವ ಬಿತ್ತನೆ ಪ್ರದೇಶಗಳಲ್ಲಿ ಕುಣಿಗಲ್ಲಿನೊಡನೆ ಮಾಗಡಿಯೂ ಒಂದು. ಮೈಸೂರು ತಳಿ ಗಟ್ಟಿಜೀವ, ಈ ಸೀಮೆಯ ಬಿಸಿಲಿಗೆ ತಲೆತಲಾಂತರದಿಂದ ಒಗ್ಗಿಕೊಂಡದ್ದು. ಆದರೂ ಬಿತ್ತನೆ ಗೂಡಿಗೆ ಹುಳು ಬದುಕಿ ಗೂಡು ಕಟ್ಟಿದರೆ ಸಾಲದು. ಒಳಗಿನ ಕೋಶದಿಂದ ಚಿಟ್ಟೆ ಆರೋಗ್ಯವಾಗಿ ಹೊರಬರಬೇಕು, ತುಂಬ ಮೊಟ್ಟೆ ಇಡಬೇಕು. ಬಿಸಿಗೆ ಬಳಲಿದ ಹುಳುವಿನ ಚಿಟ್ಟೆ ಇಡುವ ಮೊಟ್ಟೆ ಕಡಿಮೆ, ಅದರಲ್ಲಿ ಒಡೆಯದೆ ಉಳಿಯುವುದು ಹೆಚ್ಚು. ತಿಪ್ಪಸಂದ್ರದ ಕಡೆಯ ಒಂದು ಪಶ್ಚಿಮದ ಗೋಡೆ ಏಪ್ರಿಲಿನಲ್ಲಿ ಕಾದರೆ ಅದರ ಫಲ ತಿಂಗಳು ಕಳೆದ ಮೇಲೆ ಬೇರೆ ತಾಲ್ಲೂಕಿನ, ಬೇರೆ ಜಿಲ್ಲೆಯ ಯಾರದೋ ಮನೆಯ ಅಟ್ಟಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿತ್ತನೆ ಗೂಡನ್ನು ಮಾರುಕಟ್ಟೆಗೆ ಸಾಗಿಸುವಾಗಲೂ ಇದೇ ಎಚ್ಚರ. ಒಳಗೆ ಜೀವವಿರುವ ಗೂಡನ್ನು ಚೀಲದಲ್ಲಿ ಒತ್ತಿ ತುಂಬದೆ ಸಡಿಲವಾಗಿ ತುಂಬಿ, ಬಿಸಿಲೇರುವ ಮುನ್ನ ಹೊರಡಿಸುತ್ತಾರೆ.